ಅಣ್ಣನ ಮಾಡಿನ ತ್ರಿಭುಜ

ರೇಖಾಗಣಿತವು ಮನುಷ್ಯನನ್ನು ಸತ್ಯದ ಕಡೆಗೆ ಕೊಂಡೊಯ್ಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಐವತ್ತರ ದಶಕದ ಮಂಗಳೂರಿನಲ್ಲಿ ಅದು ನಮ್ಮನ್ನು ಕೊಂಡೊಯ್ದದ್ದು ಬೆಂಚಿನ ಮೇಲಕ್ಕೆ. ಗಂಟೆ ಹೊಡೆಯುವ ತನಕ ಅಲ್ಲೇ ನಿಲ್ಲಬೇಕು.

ನನ್ನ ಅಣ್ಣ ಲಾರೆನ್ಸ್ ಮಾತ್ರ ಎಂದೂ ಬೆಂಚು ಹತ್ತಿದವನಲ್ಲ. ಎಸ್ಸೆಸ್ಸೆಲ್ಸಿಯ ವರ್ಷ, ಕ್ರಿಸ್ಮಸ್ ಮುಗಿದದ್ದೇ, ಎದೆಯ ಕಾಯಿಲೆ ಹಿಡಿದು ಮಲಗಿದ. ಪುಸ್ತಕ ಮುಟ್ಟಬಾರದು, ತಲೆ ಎತ್ತಬಾರದು ಎಂದರು ಡಾಕ್ಟರು. ಮಾರ್ಚಿನ ಪರೀಕ್ಷೆಗೆ ಕೂತೇ ಕೂರುತ್ತೇನೆ ಎಂದ ಅಣ್ಣ.

ಬಿಕರ್ನಕಟ್ಟೆಯ ನಮ್ಮ ಹೆಂಚಿನ ಮನೆಯಲ್ಲಿ, ನೀಲಗಿರಿ ಎಣ್ಣೆ ಮತ್ತು ಗಂಜಿಯ ವಾಸನೆಯ ಆ ಕೋಣೆಯಲ್ಲಿ, ತಲೆ ಎತ್ತದೆ ಕಾಣುವುದು ಹೆಂಚು ಹೊತ್ತ ಮಾಡು ಒಂದೇ. ಅದನ್ನೇ ಅವನು ಸ್ಲೇಟು ಮಾಡಿಕೊಂಡ.

“ನೋಡು ಸೆಲಿನ್, ಎರಡು ಓರೆ ಮರ, ಪಕ್ಕಾಸು, ಮೇಲೆ ಸೇರ್ತದಲ್ಲ? ಕೆಳಗೆ ತೊಲೆ. ನಡುವಲ್ಲಿ ಅಡ್ಡಮರ. ತೊಲೆ, ಅಡ್ಡಮರ ಎರಡೂ ಸಮಾಂತರ. ಹಾಗಾದ್ರೆ ಎಂತ?”

“ಮರ ಎರಡು ಉಂಟು.”

“ಕತ್ತೆ! ಎಡಗಡೆಯ ಅನುರೂಪ ಕೋನ ಎರಡೂ ಸಮ. ಬಲಗಡೆಯದ್ದೂ ಸಮ. ಮೇಲಿನ ಮೂಲೆ ಇಬ್ಬರಿಗೂ ಒಂದೇ. ಆದ್ದರಿಂದ ಮೇಲಿನ ಸಣ್ಣ ತ್ರಿಭುಜ, ಇಡೀ ದೊಡ್ಡ ತ್ರಿಭುಜ, ಸಮರೂಪ.”

“ನೀನೂ ಪಪ್ಪನೂ ಇದ್ದ ಹಾಗೆ?”

“ಹೌದು ಮಾರಾಯ್ತಿ, ಮೂಗು ಸಮೇತ.”

ನಕ್ಕರೆ ಅವನಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಆ ಕೋಣೆಯಲ್ಲಿ ಹಾಸ್ಯಕ್ಕೆ ಅಧಿಕೃತ ನಿಷೇಧವಿತ್ತು.

ಹಗಲಿಡೀ ಮಾಡು ನೋಡುವ ಮಗನನ್ನು ಕಂಡು ಅಮ್ಮನಿಗೆ ಬೇರೆಯೇ ಸಂಶಯ. “ಹೆಂಚಿನ ಧೂಳು ಎದೆಗೆ ಬೀಳ್ತಾ ಉಂಟು, ಪಾಪ, ಅದನ್ನೇ ನೋಡ್ತಾನೆ” ಎಂದು, ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಮದುವೆಯ ಕೆಂಪು ಸೀರೆಯನ್ನು ತೆಗೆದು ಮಂಚದ ಮೇಲ್ಗಡೆ ಮುಚ್ಚಿಗೆ ಕಟ್ಟಿಸಿದಳು. ತ್ರಿಭುಜಗಳೆಲ್ಲ ಸೀರೆಯ ಆಚೆಗಾದವು.

“ಚಂದ ಉಂಟಮ್ಮ” ಎಂದ ಅಣ್ಣ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಚಿವುಟಿದ. ಅಮ್ಮ ಹೋದ ಮೇಲೆ ಮೆಲ್ಲಗೆ, “ಅಡ್ಡಮರ ಅಲ್ಲೇ ಉಂಟಲ್ಲ? ಮುಚ್ಚಿದ್ರೆ ಕೋನ ಬದಲಾಗ್ತದಾ?”

ಅಲ್ಲಿಂದ ಮುಂದೆ ಕಣ್ಣು ಮುಚ್ಚಿಯೇ ಸಾಧಿಸುತ್ತಿದ್ದ. ಬರಬರುತ್ತ ದನಿ ಇಳಿಯಿತು. ಸಮಾಂತರ, ಕೋನ, ಸಮ ಎಲ್ಲ ನಾನೇ ಹೇಳಬೇಕು. “ಆದ್ದರಿಂದ” ಎನ್ನುವುದಷ್ಟೇ ಅವನ ಪಾಲು. ಅದನ್ನು ಮಾತ್ರ ನನಗೆ ಬಿಟ್ಟುಕೊಡಲಿಲ್ಲ.

ಆ ಮನೆಗೆ ಈಗ ತಾರಸಿ. ಮಲಗಿ ನೋಡಿದರೆ ಬಿಳಿ ಬಣ್ಣ, ಒಂದು ಫ್ಯಾನು. ಸಾಧಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಕೆಂಪು ಸೀರೆಯನ್ನು ಅಮ್ಮ ಅಣ್ಣನಿಗೇ ಹೊದಿಸಿ ಮಣ್ಣಿಗೆ ಕಳಿಸಿದ್ದಳು.

ಆ ಮಾರ್ಚಿನ ಪ್ರಶ್ನೆಪತ್ರಿಕೆಯಲ್ಲಿ ಅದೇ ಪ್ರಮೇಯ ಬಂದಿತ್ತು. ಅಣ್ಣನ ಬೆಂಚು ಖಾಲಿ ಇತ್ತು.