ಬಲ್ಗೇರಿಯಾದ ರುಮ್ಯಾನಾಗೆ ಫ್ರಿಸ್ಕೋದಲ್ಲಿ ಸನ್ಮಾನ

ನನ್ನ ಮಗಳು ಸುಚೇತಾಳ ಜಿಮ್ನಾಸ್ಟಿಕ್ಸ್ ಕೋಚ್ ರುಮ್ಯಾನಾ ಅವರಿಗೆ ನಮ್ಮ ಫ್ರಿಸ್ಕೋ ಕನ್ನಡ ಬಳಗ ಮಾಡಿದ ಮರ್ಯಾದೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮರ್ಯಾದೆ ಎಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಡುವುದರಲ್ಲಿ ನಮ್ಮವರು ಎತ್ತಿದ ಕೈ.

ರುಮ್ಯಾನಾ ಹುಟ್ಟಿದ್ದು ಬಲ್ಗೇರಿಯಾದ ಪ್ಲೋವ್ಡಿವ್‌ನಲ್ಲಿ. ಆರನೇ ವಯಸ್ಸಿಗೇ ಅವರನ್ನು ರಿದಮಿಕ್ ಜಿಮ್ನಾಸ್ಟಿಕ್ಸ್‌ಗೆ ಹಾಕಿದರು. ಸಂಗೀತಕ್ಕೆ ಸರಿಯಾಗಿ ಮೈ ಬಾಗಿಸುತ್ತ ಚೆಂಡು, ರಿಬ್ಬನ್, ಹೂಪ್ ಎನ್ನುವ ದೊಡ್ಡ ಬಳೆ ಇವನ್ನೆಲ್ಲ ಎಸೆದು ಹಿಡಿಯುವ ಆಟ ಅದು. ಕೈಗೆ ಬರಬೇಕಾದದ್ದು ನೆಲಕ್ಕೆ ಬಿತ್ತೋ, ಕಥೆ ಮುಗಿಯಿತು. ಅಲ್ಲಿನ ಕೋಚಮ್ಮ ದಿನಾ ಬೆಳಿಗ್ಗೆ ಮಕ್ಕಳ ತೂಕ ನೋಡಿ, ಒಂದು ತುಂಡು ಬ್ರೆಡ್ಡು ಹೆಚ್ಚು ತಿಂದವಳನ್ನು ಎಲ್ಲರೆದುರು ಹಂದಿ ಎಂದು ಕರೆಯುತ್ತಿದ್ದಳಂತೆ. ಆ ಮಹಾತಾಯಿಯ ಫೋಟೋ ಇವತ್ತಿಗೂ ಆ ತರಬೇತಿ ಶಾಲೆಯ ಗೋಡೆಯ ಮೇಲಿದೆಯಂತೆ. ಇಷ್ಟೆಲ್ಲ ಸಹಿಸಿ ರುಮ್ಯಾನಾ ದೇಶದ ತಂಡಕ್ಕೆ ಆಯ್ಕೆಯಾದರು, ರಿಸರ್ವ್ ಆಗಿ. ದೊಡ್ಡ ಸ್ಪರ್ಧೆ ಮುಗಿಯುವವರೆಗೂ ಪರದೆಯ ಹಿಂದೆ ಮೈ ಬಿಸಿ ಮಾಡಿಕೊಂಡು ನಿಂತಿದ್ದೇ ಬಂತು, ಯಾರೂ ಕರೆಯಲಿಲ್ಲ. ಮರುವರ್ಷ ಮೊಣಕಾಲು ಹೋಯಿತು.

ಆಮೇಲೆ ಆಸ್ಟಿನ್‌ನ ಒಬ್ಬ ಟ್ರಕ್ ಡ್ರೈವರನನ್ನು ಮದುವೆಯಾಗಿ ಅಮೆರಿಕಕ್ಕೆ ಬಂದರು. ಅವನು ಕೈಕೊಟ್ಟ ಮೇಲೆ ಫ್ರಿಸ್ಕೋಗೆ ಶಿಫ್ಟ್ ಆಗಿ, ಟೈರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕ್ಲಾಸ್ ತೆರೆದರು. ನಾವು ಹೋಗಿ ಮುತ್ತಿಕೊಂಡೆವು. ಕಾಲೇಜ್ ಅಡ್ಮಿಶನ್‌ಗೆ ಒಳ್ಳೆಯದು ಎಂದು ಯಾರೋ ಹೇಳಿದ್ದರು, ನಮ್ಮವರಿಗೆ ಅಷ್ಟು ಸಾಕು. ಹ್ಯೂಸ್ಟನ್‌ನಲ್ಲಿ ಸ್ಪರ್ಧೆಯಿದ್ದರೆ ಅಪ್ಪಂದಿರು ಅಲ್ಲಿಯವರೆಗೆ ಡ್ರೈವ್ ಮಾಡಿ, ಮಕ್ಕಳ ಆಟ ಬಿಟ್ಟು ಲ್ಯಾಪ್‌ಟಾಪ್ ನೋಡುತ್ತ ಕೂರುತ್ತಿದ್ದರು. ಅಂಕ ಬಂದಾಗ ಮಾತ್ರ ತಲೆಯೆತ್ತಿ, ಯಾಕೆ ಕಡಿಮೆ ಎಂದು ಜಗಳಕ್ಕೆ ನಿಲ್ಲುತ್ತಿದ್ದರು.

ಹೋದ ರಾಜ್ಯೋತ್ಸವಕ್ಕೆ ಬಳಗದ ಅಧ್ಯಕ್ಷ ಶ್ರೀಪತಿಯವರು ಸನ್ಮಾನಕ್ಕೆ ಕರೆದಾಗ ರುಮ್ಯಾನಾ ಕೇಳಿದ್ದು ಒಂದೇ: ಹೂಪ್ ಹಿಡಿದು ಒಂದೂವರೆ ನಿಮಿಷ ಆಡಲು ಜಾಗ. ಅಂದು ಪರದೆಯ ಹಿಂದೆಯೇ ಉಳಿದುಹೋದ ಆಟ ಅದು. ಐವತ್ತರ ಹತ್ತಿರದ ಹೆಂಗಸು ಮೊಣಕಾಲಿಗೆ ಐಸ್ ಕಟ್ಟಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿದರು. "ಜನರೆದುರು ಒಂದು ಸಲ ಸರಿಯಾಗಿ ಹಿಡಿದುಬಿಟ್ಟರೆ ಸಾಕು, ಭಾನು" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು.

ಆ ಸಂಜೆ ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ರುಮ್ಯಾನಾ ವೇದಿಕೆಯ ಪಕ್ಕದಲ್ಲಿ ಮೈ ಬಿಸಿ ಮಾಡಿಕೊಂಡು, ಬೆವರುತ್ತ ತಯಾರಾಗಿ ನಿಂತಿದ್ದರು. ಶ್ರೀಪತಿಯವರು ಬಂದವರೇ ಕೈಹಿಡಿದು ವೇದಿಕೆಯ ಕುರ್ಚಿಗೆ ಕರೆದೊಯ್ದರು.

"ಸರ್, ಕೂತರೆ ಅವರ ಮೈ ಆರಿಬಿಡುತ್ತೆ. ಮೊದಲು ಆಟ ಆಡಲಿ" ಎಂದೆ.

"ಅಯ್ಯೋ ಇರಿ ಭಾನುಮತಿಯವರೇ, ಒಂದೇ ನಿಮಿಷ. ಮೊದಲು ಸನ್ಮಾನ, ಆಮೇಲೆ ಐಟಂ. ಪ್ರೋಟೋಕಾಲ್ ಅಂತ ಒಂದು ಇರುತ್ತಲ್ವಾ?"

ಆ ಒಂದು ನಿಮಿಷದಲ್ಲಿ ಅವರು ಕದಂಬರಿಂದ ಶುರುಮಾಡಿ ತಮ್ಮ ಹೊಸ ಮನೆಯವರೆಗೆ ಬಂದರು. ಬಲ್ಗೇರಿಯಾ ರಷ್ಯಾದಲ್ಲಿದೆ ಎಂದರು. ಆಮೇಲೆ ಮಾಜಿ ಅಧ್ಯಕ್ಷರು, ಆಮೇಲೆ ಪ್ರಾಯೋಜಕರು, ಆಮೇಲೆ ವಂದನಾರ್ಪಣೆ. ಮೈಸೂರು ಪೇಟ ಹುಬ್ಬಿನವರೆಗೆ ಜಾರಿದ್ದ ರುಮ್ಯಾನಾ ಶಾಲಿನ ಅಡಿಯಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತಲೇ ಇದ್ದರು.

"ಈಗ ಮೇಡಂ ಒಂದು ಸಣ್ಣ ಡ್ಯಾನ್ಸ್ ಮಾಡ್ತಾರೆ. ಊಟ ರೆಡಿ ಇದೆ, ಯಾರೂ ಅವಸರ ಮಾಡಬೇಡಿ" ಎಂದು ಕೊನೆಗೂ ಶ್ರೀಪತಿಯವರು ಮೈಕ್ ಬಿಟ್ಟರು.

ರುಮ್ಯಾನಾ ಹೂಪನ್ನು ದೀಪಗಳ ಎತ್ತರಕ್ಕೆ ಎಸೆದು, ಅದರ ಕೆಳಗೆ ಉರುಳಿ ಏಳಲು ಹೋದರು. ಮೊಣಕಾಲು ಏಳಲಿಲ್ಲ. ಹೂಪ್ ನೆಲಕ್ಕೆ ಬಡಿದು, ವೇದಿಕೆಯಿಂದಿಳಿದು ಮುಂದಿನ ಸಾಲಿನವರೆಗೆ ಉರುಳಿತು. ಸಭೆ ಚಪ್ಪಾಳೆಯೋ ಚಪ್ಪಾಳೆ.

"ಅಮ್ಮಾ, ಶಿ ಡ್ರಾಪ್ಡ್ ಇಟ್! ವೈ ಆರ್ ದೇ ಕ್ಲ್ಯಾಪಿಂಗ್?" ಎಂದು ಸುಚೇತಾ ಅಳುತ್ತ ನನ್ನ ಕೈ ಹಿಡಿದಳು. ಅದೂ ಆಟದ ಭಾಗ ಎಂದುಕೊಂಡಿದ್ದರು, ಪುಣ್ಯಾತ್ಮರು.

ಗದಗಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಸಂಗನಬಸಪ್ಪ ಅಂಕಲ್ ಹೂಪ್ ಎತ್ತಿಕೊಂಡು ಎದ್ದು ನಿಂತರು. "ಒನ್ಸ್ ಮೋರ್! ಭಾರಿ ಆತ್ರೀ ಮೇಡಂ, ಒನ್ಸ್ ಮೋರ್!"

ರುಮ್ಯಾನಾ ನಂಬಲಾಗದೆ ನನ್ನ ಕಡೆ ನೋಡಿದರು. ಅವರ ಆಟದಲ್ಲಿ ಎರಡನೇ ಸಲ ಎನ್ನುವುದು ಇಲ್ಲ. ಮತ್ತೆ ಮಾಡಿ ಎಂದು ನಾನು ಕೈಸನ್ನೆ ಮಾಡಿದೆ. ಅವರು ಅಂಕಲ್ ಕೈಯಿಂದ ಹೂಪ್ ಇಸಿದುಕೊಂಡು, ಕಾಲು ಝಾಡಿಸಿ, ಮೊದಲಿನಿಂದ ಶುರುಮಾಡಿದರು. ಅಷ್ಟರಲ್ಲಿ ಊಟದ ಕೋಣೆಯ ಬಾಗಿಲು ತೆರೆಯಿತು. ಎಲ್ಲರಿಗಿಂತ ಮೊದಲು ಓಡಿದ್ದು ಸಂಗನಬಸಪ್ಪ ಅಂಕಲ್.

ಈ ಸಲ ಹೂಪ್ ನೇರವಾಗಿ ಅವರ ಕೈಗೆ ಬಂತು. ರುಮ್ಯಾನಾ ಗದ್ದ ಎತ್ತಿ, ಹೂಪ್ ಹಿಡಿದು ಸಭೆಗೆ ಮುಖಮಾಡಿ ನಿಂತರು. ಸುಚೇತಾ ಮತ್ತು ನಾನು ಚಪ್ಪಾಳೆ ತಟ್ಟಿದೆವು. ಉಳಿದವರ ಕೈಯಲ್ಲಿ ತಟ್ಟೆ ಇತ್ತು.