ಮದ್ದಿನ ವಾಸನೆಯಿಲ್ಲದ ಮೀನು

ಆ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ದೂಫಿಗೆ ನೊಣಗಳ ಸದ್ದು ಕೇಳಿಸಿತು. ಒಂದೆರಡಲ್ಲ, ಕೆರೆಯ ದಂಡೆಯುದ್ದಕ್ಕೂ ಯಾರೋ ಸಣ್ಣಗೆ ನರಳುತ್ತಿರುವಂಥ ಗುಂಯ್ ಸದ್ದು.

ಮೀನನ್ನು ಹೊಗೆಗೆ ಒಣಗಿಸಿ ಮಾರುವುದು ಅವಳ ಕಸುಬು. ಹನ್ನೆರಡರಲ್ಲಿ ಅಜ್ಜಿಯ ಮಣ್ಣಿನ ಒಲೆಯ ಮುಂದೆ ಕೂತವಳು ಐವತ್ತು ದಾಟಿದರೂ ಎದ್ದಿರಲಿಲ್ಲ. ಗಂಡ ಬಂದ, ಹೋದ, ಒಲೆ ಉಳಿಯಿತು. ಕಿವಿರು ಬಿಡಿಸಿ ಮೂಸದೆ ಒಂದು ಮೀನನ್ನೂ ಅವಳು ಜಾಲರಿಯ ಮೇಲಿಟ್ಟವಳಲ್ಲ. ಕುಮಾಸಿ ಪಟ್ಟಣದ ಸಂತೆಯಲ್ಲಿ ಹೆಂಗಸರು ಅವಳ ಬುಟ್ಟಿಯದನ್ನು ತಿರುವಿ ನೋಡದೆ ಕೊಳ್ಳುತ್ತಿದ್ದರು.

ದಂಡೆಗೆ ಬಂದರೆ ಬೊಸುಮ್‌ತ್ವಿ ಕೆರೆಯ ನೀರೇ ಕಾಣದು. ಎಲ್ಲೆಲ್ಲೂ ಮೇಲೆದ್ದ ಬಿಳಿ ಹೊಟ್ಟೆಗಳು. ಹೆಂಗಸರು ಸೊಂಟದವರೆಗೆ ಇಳಿದು ಸೋರೆಬುರುಡೆಗಳಲ್ಲಿ ಮೊಗೆಯುತ್ತಿದ್ದರು. ಈ ನೀರಿಗೆ ಕಬ್ಬಿಣ ತಾಕಿಸುವಂತಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು, ಕೆರೆಯ ದೇವರು ತ್ವಿ ಕೋವಿಮದ್ದು ಸಿಡಿಸಿದ್ದಾನೆ ಎಂದು. ಆಕಾಶದಿಂದ ಬಿದ್ದ ಕಲ್ಲು ತೋಡಿದ ಕುಳಿ ಇದು ಎಂದು ಓದಿದವರು ಹೇಳಿ ಹೋಗುತ್ತಾರೆ. ಬಿದ್ದದ್ದು ಏನೇ ಇರಲಿ, ಇಲ್ಲಿ ಇರುವವನು ತ್ವಿ. ಕೆಲವು ವರ್ಷಗಳಿಗೊಮ್ಮೆ ತಳ ಕದಡಿ ನೀರು ಮದ್ದು ಸುಟ್ಟಂತೆ ನಾರುತ್ತದೆ, ಮೀನುಗಳು ಬಾಯಿ ತೆರೆದುಕೊಂಡು ತಾವಾಗಿ ಕೈಗೆ ಬರುತ್ತವೆ. ಅದು ಅವನ ಕೊಡುಗೆ. ಬೇಡವೆನ್ನುವಂತಿಲ್ಲ.

ದೂಫಿ ಉಸಿರೆಳೆದುಕೊಂಡಳು. ಮದ್ದಿನ ವಾಸನೆ ಇರಲಿಲ್ಲ. ಒಂದು ಮೀನಿನ ಕಿವಿರು ಬಿಡಿಸಿದಳು. ಕೆಂಪಿರಬೇಕಾದಲ್ಲಿ ಬೂದಿಬಣ್ಣದ ಲೋಳೆ. ಕೋಕೋ ತೋಟದ ಹುಳಕ್ಕೆ ಹೊಡೆಯುವ ಔಷಧಿಯ ಸಿಹಿ ನಾತ ಮೂಗಿಗೆ ಹತ್ತಿತು. ಬೆರಳನ್ನು ಮರಳಿಗೆ ತಿಕ್ಕಿದಳು. ಹೋಗಲಿಲ್ಲ.

ದೇವರ ಮೀನು ಬಂದಾಗ ಊರಲ್ಲಿ ಮೊದಲು ಹೊತ್ತಬೇಕಾದದ್ದು ದೂಫಿಯ ಮನೆತನದ ಒಲೆ. ಅಲ್ಲಿ ಹೊಗೆ ಕಂಡ ಮೇಲೆಯೇ ಉಳಿದವರು ಬೇಯಿಸುವುದು, ತಿನ್ನುವುದು. ಅವಳು ಮನೆಗೆ ಬರುವಷ್ಟರಲ್ಲಿ ತೀರಿಹೋದ ತಂಗಿಯ ಮಗ ಅಂಪೋಫೊ ಒಲೆಯ ಪಕ್ಕದಲ್ಲಿ ಎರಡು ಬುಟ್ಟಿ ಮೀನು ಇಳಿಸಿದ್ದ. ಅವಳಿಗೆ ಮಗನೂ ಅವನೇ, ಮುಂದೆ ಮನೆಗೆ ಹಕ್ಕುದಾರನೂ ಅವನೇ.

"ದೊಡ್ಡಮ್ಮ, ಇನ್ನೂ ಹಚ್ಚಿಲ್ವಾ? ಊರೆಲ್ಲ ನಿನ್ ಹೊಗೆ ಕಾಯ್ತಾ ಕೂತಿದೆ."

"ಕೈ ಕೊಡು ಇಲ್ಲಿ."

"ಯಾಕೆ, ನನ್ನನ್ನೂ ಮೂಸಿ ಜಾಲರಿ ಮೇಲೆ ಇಡ್ತೀಯಾ?"

ಅವಳು ಆ ಕೈಯನ್ನು ಎಳೆದು ಮೂಸಿಯೇಬಿಟ್ಟಳು. ಉಗುರಿನ ಸಂದಿಯಲ್ಲಿ ಅದೇ ಸಿಹಿ ನಾತ.

"ನಿನ್ನೆ ಭಾನುವಾರ," ಎಂದಳು.

ಭಾನುವಾರ ತ್ವಿಯ ದಿನ. ಕೆರೆಗೆ ಯಾರೂ ಇಳಿಯುವುದಿಲ್ಲ, ನೋಡುವವರೂ ಇರುವುದಿಲ್ಲ.

ಅಂಪೋಫೊನ ನಗು ಆರಿತು. ಈ ವರ್ಷ ಬಲೆ ಖಾಲಿಯೇ ಬರುತ್ತಿದೆ ಎಂದ. ಹೊಗೆ ಹತ್ತಿದರೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದ. ಅವಳು ಬಾಯಿಬಿಟ್ಟರೆ ಹಿರಿಯರು ಕುರಿ ಕಡಿದು ಕೆರೆಯ ಮೈಲಿಗೆ ಕಳೆಯುತ್ತಾರೆ. ಅವನು ಬದುಕಿರುವವರೆಗೆ, ಇಲ್ಲಿ ದೋಣಿಯ ಬದಲು ತೇಲಿಸುವ ಹಲಗೆ ಏರಿ ಆ ನೀರಿಗೆ ಇಳಿಯುವಂತಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವನು ದನಿ ತಗ್ಗಿಸಿದ.

"ತಿನ್ನೋರು ಕುಮಾಸಿಯೋರು, ದೊಡ್ಡಮ್ಮ. ನಾವಿಬ್ರೂ ತಿನ್ನದಿದ್ರೆ ಆಯ್ತು."

ದೂಫಿ ಅವನ ಬಾಯನ್ನೇ ನೋಡಿದಳು. ಮುಳ್ಳು ಬಿಡಿಸಿ, ಅಗಿದು ಮೆತ್ತಗೆ ಮಾಡಿ ಅದೇ ಬಾಯಿಗೆ ಇಟ್ಟಿದ್ದಳು ಒಂದು ಕಾಲಕ್ಕೆ. ಈಗ ಅದರ ಒದ್ದೆ ತುಟಿ, ಮೂಲೆಯಲ್ಲಿ ಕೂತ ನೊಣ, ಅದನ್ನೂ ಓಡಿಸದೆ ಅವಳ ಉತ್ತರಕ್ಕೆ ಕಾಯುತ್ತಿದ್ದ ಆ ಸಲಿಗೆ ಎಲ್ಲವೂ ಹೇಸಿಗೆಯಾಯಿತು. ತಾನು ಉಣಿಸಿದ್ದು ಇದಕ್ಕೇ ಎನಿಸಿತು. ಪಕ್ಕಕ್ಕೆ ಉಗುಳಿದಳು.

ಪಕ್ಕದ ಮನೆಯ ಸೆರ್ವಾ ತುಂಬು ಬಸುರಿ. ಮೊಣಕಾಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು.

"ದೂಫಿಯಕ್ಕ, ಬೇಗ ಹಚ್ಚೇ. ನನ್ ಹೊಟ್ಟೆಯೊಳಗಿರೋದು ಒದೀತಿದೆ, ಮೀನು ಬೇಕಂತೆ."

ಅಂಪೋಫೊ ಬೆಂಕಿಪೊಟ್ಟಣ ಚಾಚಿದ. ದೂಫಿ ಅದನ್ನು ಮುಟ್ಟಲಿಲ್ಲ. ನೀರಿನ ಮಡಕೆ ಎತ್ತಿ ಒಲೆಯೊಳಗೆ ಜೋಡಿಸಿದ್ದ ಸೌದೆಯ ಮೇಲೆ ಪೂರ್ತಿ ಸುರಿದಳು.

ಅವನು ಅವಳ ಸೆರಗು ಹಿಡಿದ. ಅವಳು ಬಿಡಿಸಿಕೊಂಡು ಅಂಗಳಕ್ಕಿಳಿದಳು.

"ಸೆರ್ವಾ, ಆ ಬುಟ್ಟಿ ಕೆಳಗಿಡು. ಕೈ ತೊಳ್ಕೋ. ಈ ಮೀನನ್ನ ಕೊಂದಿದ್ದು ತ್ವಿ ಅಲ್ಲ, ನನ್ ತಂಗಿ ಮಗ, ನಿನ್ನೆ ಯಾರೂ ಇಲ್ದಾಗ ಕೆರೆಗೆ ಇಳಿದು ತೋಟದ ಔಷಧಿ ಸುರಿದಿದ್ದಾನೆ," ಎನ್ನುತ್ತ, ನೀರಿನಲ್ಲಿದ್ದ ಹೆಂಗಸರಿಗೂ ಕೇಳಲೆಂದು ದನಿ ಏರಿಸುತ್ತ, ಅವಳು ದಂಡೆಯ ಕಡೆಗೆ ನಡೆದಳು.