ಕೊಲೆಗಾರ ಯಾರೆಂದು ಅತ್ತೆ ಹೇಳಿದ್ದು

ಕಳೆದ ಬೇಸಿಗೆಯಲ್ಲಿ ಶಿರಸಿಯಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಕೋಲಸಿರ್ಸಿಯ ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅವರದು ಒಂದೇ ಗೋಳು: ಕೆಲವು ವಾರ ಓದಬಾರದಂತೆ. ನಾವಿಬ್ಬರೂ ಓದುವ ಹುಚ್ಚಿನವರೇ. ಆದರೆ ಇಷ್ಟು ವರ್ಷ ಅವರ ಪುಸ್ತಕ ಅವರಿಗೆ, ನನ್ನದು ನನಗೆ. ಓದಿದ್ದರ ಬಗ್ಗೆ ಮಾತಾಡಿದ್ದೇ ಇಲ್ಲ.

"ನೀನೇ ಓದಿ ಹೇಳೆ," ಅಂದರು. ಮಧ್ಯಾಹ್ನದ ಊಟವಾದ ಮೇಲೆ ಓದು ಶುರುವಾಯಿತು.

ಮೊದಲು ಹಿಡಿದದ್ದು ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆ. ಭಾಷೆ ಎಷ್ಟು ಚೆಂದ ಎಂದು ನಾನು ಮೆಚ್ಚಿಕೊಂಡು ಓದುತ್ತಿದ್ದರೆ ಅತ್ತೆ ನಡುವೆ ತಡೆದರು. "ಹೆಂಡ್ತಿ ಮದ್ವೆ ದಿನ ಬಂತು. ಮತ್ತೆ ಎಲ್ಲಿಗೆ ಹೋತು ಅದು?" ಪುಟ ತಿರುವಿ ಹುಡುಕಿದೆ. ನಿಜವಾಗಿಯೂ ಆಕೆ ಎಲ್ಲೂ ಇರಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಹಿಮಾಲಯದ ಪ್ರವಾಸಕಥನ ನನಗೆ ಆಕಳಿಕೆ ತರಿಸಿತು. ಅತ್ತೆಗೋ ಅದೇ ಪ್ರಾಣ. ಹಿಮ ಬೀಳುವ ಅಧ್ಯಾಯಕ್ಕೆ ಬರುವಷ್ಟರಲ್ಲಿ ಏಪ್ರಿಲ್ ಸೆಕೆಯಲ್ಲೂ ಸೆರಗು ಹೊದ್ದು ಕೂತಿದ್ದರು. ಕವಿತೆ ಅವರಿಗೆ ಹಿಡಿಸಲಾರದು ಎಂದುಕೊಂಡೇ ಒಂದು ಹೊಸ ಸಂಕಲನ ತೆರೆದೆ. ತಾಯಿಯೊಬ್ಬಳು ಒಗೆದ ಬಟ್ಟೆ ಹಿಂಡುವ ಪುಟ್ಟ ಕವಿತೆ. ಓದಿ ವಿವರಿಸಹೊರಟರೆ ಅವರು ಕೈ ಎತ್ತಿದರು. "ಅರ್ಥ ಹೇಳಡ. ಮತ್ತೊಂದ್ಸಲ ಓದು."

ಆಮೇಲೆ ಸಿದ್ದಾಪುರದ ಲೈಬ್ರರಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದೆ. ಸಾಹುಕಾರನೊಬ್ಬನ ಕೊಲೆ. ಆಸ್ತಿ ಅಳಿಯನಿಗೆ ಬರುವುದರಿಂದ ಕೊಂದವನು ಅವನೇ ಎಂದು ನಾನು.

"ಥೋ, ಡಾಕ್ಟರೇ ಕೊಂದಿದ್ದು," ಎಂದರು ಅತ್ತೆ. "ಹೆಣ ಕಂಡ ಕೂಡ್ಲೇ ಕೈ ತೊಳೆಯಲೆ ಎಂತಕ್ಕೆ ಹೋದ?"

ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಹೋದಲ್ಲಿ ಬಂದಲ್ಲಿ ಇದೇ ವಾದ. ಕಡೆಗೆ ಪತ್ತೇದಾರ ಎಲ್ಲರನ್ನೂ ಕೂರಿಸಿ, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂದ. ಪುಟ ತಿರುವಿದರೆ ಮುಂದೆ ರಟ್ಟು! ಉಳಿದ ಹಾಳೆಗಳನ್ನು ಯಾರೋ ಕಿತ್ತುಬಿಟ್ಟಿದ್ದರು.

"ಅಯ್ಯೋ ದೇವರೇ, ಯಂಗೆ ಇವತ್ತು ನಿದ್ರೆ ಬತ್ತಿಲ್ಲೆ," ಎಂದು ಅತ್ತೆ ಎದ್ದೇ ನಿಂತರು.

ನನ್ನ ಜೊತೆ ಹೊಲಿಗೆ ಕಲಿತ ಗೆಳತಿಯೊಬ್ಬಳು ದಾಸನಕೊಪ್ಪದಲ್ಲಿದ್ದಾಳೆ. ಅವಳಿಗೂ ಇಂಥ ಪುಸ್ತಕಗಳ ಗೀಳು. ಫೋನ್ ಮಾಡಿದೆ.

"ಅಯ್ಯ, ಅದು ನನ್ನ ಕಡೆ ಐತಲ್ಲ! ತಡಿ, ತರ್ತೀನಿ," ಎಂದಳು. ನಾನು ಸ್ಪೀಕರ್ ಹಾಕಿದೆ. "ಅಮ್ಮಾರ, ಕೇಳಸಾಕತ್ತೈತೇನ್ರಿ?"

"ಹೂಂ, ಓದು ಮಗಾ."

ಅವಳು ಒಂದೊಂದೇ ಸಾಲು ಎಳೆದು ಎಳೆದು ಓದಿದಳು. ಕೊಂದವನು ಅಳಿಯನೂ ಅಲ್ಲ, ಡಾಕ್ಟರೂ ಅಲ್ಲ. ಮೊದಲ ಅಧ್ಯಾಯದಲ್ಲಿ ಒಮ್ಮೆ ಬಂದು ಚಹಾ ಕುಡಿದು ಹೋಗಿದ್ದ ವಕೀಲ! ಪಾಪ, ಡಾಕ್ಟರು ಕೈ ತೊಳೆದದ್ದು ಕೈ ಕೊಳೆಯಾಗಿದ್ದಕ್ಕೆ ಅಷ್ಟೇ.

"ಇದು ಮೋಸ!" ಅತ್ತೆ ಕೂಗಿದರು. "ಬರೆದವಂಗೇ ಗೊತ್ತಿತ್ತಿಲ್ಲೆ, ಕಡೆಗೆ ಯಾರೋ ಒಬ್ಬವನ ಹಿಡದು ಹಾಕಿದ್ದ!"

"ಇಲ್ರೀ ಅಮ್ಮಾರ, ಭಾಳ ಚಂದ ಮುಗಿಸ್ಯಾನ," ಎಂದಳು ಗೆಳತಿ. ನಾನು ಫೋನನ್ನು ಅವರ ಮಡಿಲಲ್ಲೇ ಬಿಟ್ಟು ದನಕ್ಕೆ ಹುಲ್ಲು ಹಾಕಿ ಬಂದೆ. ವಾದ ಇನ್ನೂ ನಡೆದಿತ್ತು. ಅಷ್ಟು ಹುರುಪಿನಲ್ಲಿ ಅತ್ತೆ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಇಂಥವರು ಪಕ್ಕದ ಕೋಣೆಯಲ್ಲೇ ಇರುವಾಗ ಇಷ್ಟು ದಿನ ಒಬ್ಬಳೇ ಓದಿಕೊಂಡಿದ್ದೆನಲ್ಲ ಅನ್ನಿಸಿ ನಗು ಬಂತು.

ಮುಂದಿನ ಭಾನುವಾರ ಗೆಳತಿ ಬಸ್ಸು ಹಿಡಿದು ಬಂದೇಬಿಟ್ಟಳು. ಬಗಲಲ್ಲಿ ಎರಡು ಪ್ರೇಮ ಕಾದಂಬರಿಗಳು. ಅತ್ತೆ ಅವಳನ್ನು ಕಂಡದ್ದು ಅದೇ ಮೊದಲು.

"ಬಾ, ಕೂತ್ಕ. ಬಾಗ್ಲು ಹಾಕಿತ್ತಲೇ, ವಕೀಲ ಒಳಗೆ ಹ್ಯಾಂಗೆ ಬಂದ? ಅದ್ನ ಹೇಳು ಮೊದ್ಲು."

"ಕಿಟಕಿ ಇತ್ತಲ್ರೀ ಅಮ್ಮಾರ!"

ಗೆಳತಿಗೆ ಕುಡಿಯಲು ಆಸರಿಗೆ ತರಲು ಒಳಗೆ ಹೋದವಳು ಅಲ್ಲಿಂದಲೇ ಕೂಗಿದೆ, "ಕಿಟಕಿಗೆ ಸರಳು ಇತ್ತು!"